ಮಲ್ನಾಡಿನ ಹಳೇ ಮನೆ ರಿಪೇರಿ: ಹೆಂಚಾ, ಆರ್‌ಸಿಸಿನಾ, ಶೀಟಾ? ಕಾವಿ ನೆಲಾನಾ, ಟೈಲ್ಸಾ?

ಹಳೇ ಮನೆ ರಿಪೇರಿ ಮಾತು ಎದ್ದ ಕೂಡ್ಲೇ ಮನೇಲಿ ಪಾರ್ಟಿ ಒಡೆಯತ್ತೆ. ಬೆಂಗ್ಳೂರಲ್ಲಿರೋ ಮಕ್ಕಳಿಗೆ ಪೂರ್ತಿ ಕೆಡವಿ ತಾರಸಿ ಮನೆ ಆಗ್ಬೇಕು, ಅಜ್ಜಿ ಜಗಲಿ ಕಂಬ ಮುಟ್ಟಿದ್ರೆ ಊಟ ಬಿಡ್ತೀನಿ ಅಂತಾರೆ, ದುಡ್ಡು ಹಾಕೋ ಅಪ್ಪಯ್ಯ ಈ ಸಲದ ಅಡಿಕೆ ರೇಟ್ ನೋಡಿ ಹೇಳ್ತೀನಿ ಅಂತ ಎದ್ದು ತೋಟಕ್ಕೆ ಹೋಗ್ತಾರೆ. ಅಷ್ಟೊತ್ತಿಗೆ ಮೊಬೈಲಲ್ಲಿ ಕೇರಳದ ಮನೆ, ಬೆಂಗ್ಳೂರಿನ ಫ್ಲಾಟು ಅಂತ ಸಿಕ್ಕಿದ ವೀಡಿಯೊ ಎಲ್ಲಾ ನೋಡಿ ತಲೆ ಕೆಟ್ಟಿರತ್ತೆ. ಅದಕ್ಕೆ ನಮ್ಮ ಕಡೆ ಮನೆಗಳಿಗೆ ಎದುರಾಗೋ ಆಯ್ಕೆಗಳನ್ನ ಎದುರು ಬದುರು ಇಟ್ಟು ಬರ್ದಿದೀನಿ. ನನ್ನ ಅಳತೆಗೋಲು ಎರಡೇ. ನೆನೆದ್ರೆ ಒಣಗತ್ತಾ? ಆಷಾಢದಲ್ಲಿ ಒಂದು ಮೂಲೆ ಹಾಳಾದ್ರೆ ಆ ಮೂಲೆ ಅಷ್ಟನ್ನೇ ಸರಿ ಮಾಡಕ್ಕೆ ಊರಲ್ಲಿ ಜನ ಸಿಗ್ತಾರಾ? ನೋಡಕ್ಕೆ ಚೆಂದ ಅನ್ನೋದು ಆಮೇಲಿನ ಮಾತು.

ಮೊದ್ಲು ನಿಮ್ಮನೆ ಎಲ್ಲಿದೆ ನೋಡ್ಕೊಳಿ. ಶಿವಮೊಗ್ಗ ಜಿಲ್ಲೆ ಪೂರ್ತಿ ಒಂದೇ ಹವೆ ಇಲ್ಲ. ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಮಳೆ, ಶಿವಮೊಗ್ಗ ಪೇಟೇಲಿ ಅದರ ಕಾಲು ಭಾಗನೂ ಇಲ್ಲ. ಪೇಟೆ, ಭದ್ರಾವತಿ, ಶಿಕಾರಿಪುರದ ಕಡೆ ಏಪ್ರಿಲ್ ಸೆಕೆನೇ ದೊಡ್ಡ ತಲೆನೋವು. ತೀರ್ಥಹಳ್ಳಿ, ಹೊಸನಗರ, ಸಾಗರದ ಘಟ್ಟದ ಅಂಚಿನ ಊರುಗಳಲ್ಲಿ ಬಟ್ಟೆ ಒಣಗ್ಸೋದೇ ಒಂದು ಕೆಲಸ, ಕಪಾಟಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರತ್ತೆ. ಪೇಟೇಲಿ ಮೂವತ್ತು ನಲವತ್ತರ ಸೈಟಲ್ಲಿ ಇರೋರು ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್ ತಾರಸಿ) ಹಾಕ್ಸಿ ಮೇಲೊಂದು ಬಾಡಿಗೆ ಮನೆ ಮಾಡ್ಕೊಳೋದ್ರಲ್ಲಿ ತಪ್ಪೇನಿಲ್ಲ, ನಿಮಗೆ ಇದ್ರಲ್ಲಿ ಅರ್ಧ ಭಾಗ ಬೇಕಾಗಲ್ಲ. ಉಳಿದದ್ದು ಘಟ್ಟದ ಕಡೆಯೋರಿಗೆ.

ಮಾಡು

ಮಾಡು ಅಂದ್ರೆ ಮನೆ ಛಾವಣಿ. ಇದ್ರಲ್ಲಿ ದುಡ್ಡಿನ ಮಾತಿಗಿಂತ ಮುಂಚೆ ಭಾರದ ಮಾತು ಆಡ್ಬೇಕು, ಇದನ್ನ ಯಾರೂ ಆಡಲ್ಲ. ಮಂಗಳೂರು ಹೆಂಚು ಒಂದೊಂದು ಎರಡೂವರೆಯಿಂದ ಮೂರು ಕೆಜಿ ಇರತ್ತೆ, ನೂರು ಚದರಡಿಗೆ ಸುಮಾರು 140 ಹೆಂಚು ಹಿಡಿಯತ್ತೆ, ಅಂದ್ರೆ ಚದರಡಿಗೆ ನಾಲ್ಕು ಕೆಜಿ ಆಸುಪಾಸು. ಅರ್ಧ ಮಿಲಿಮೀಟರ್ ದಪ್ಪದ ಕಲರ್ ಶೀಟು ಚದರಡಿಗೆ ಅರ್ಧ ಕೆಜಿನೂ ಇಲ್ಲ. ಐದಿಂಚಿನ ಆರ್‌ಸಿಸಿ ಸ್ಲ್ಯಾಬು ಮಾತ್ರ ಚದರಡಿಗೆ 30 ಕೆಜಿ ಹತ್ರ ಬರತ್ತೆ. ಸಾವಿರ ಚದರಡಿಗೆ ಲೆಕ್ಕ ಹಾಕಿ, ಹೆಂಚಾದ್ರೆ ನಾಲ್ಕು ಟನ್ನು, ಸ್ಲ್ಯಾಬಾದ್ರೆ ಮೂವತ್ತು ಟನ್ನು. ಅಜ್ಜನ ಕಾಲದ ಮಣ್ಣಿನ ಗೋಡೆ, ಪಿಲ್ಲರ್ ಇಲ್ಲ, ಬೀಮ್ ಇಲ್ಲ, ಅದರ ಮೇಲೆ ಮಾಡು ಕಿತ್ತು ಸ್ಲ್ಯಾಬ್ ಕೂರಿಸ್ಕೊಡ್ತೀನಿ ಅನ್ನೋ ಮೇಸ್ತ್ರಿ ಸಿಕ್ಕಿದ್ರೆ ಒಂದು ಲೋಟ ಕಾಫಿ ಕೊಟ್ಟು ಕಳ್ಸಿ. ಹಳೇ ಮನೆಗೆ ಆರ್‌ಸಿಸಿ ಅಂದ್ರೆ ಅಡಿಪಾಯದಿಂದ ಹೊಸ ಮನೆ ಅಂತನೇ ಅರ್ಥ, ಬಜೆಟ್ಟೂ ಹಂಗೇ ಹಾಕ್ಬೇಕು, ರಿಪೇರಿ ಬಜೆಟ್ಟಲ್ಲಿ ಅದು ಆಗೋದಲ್ಲ.

ಹೆಂಚಿನ ದೊಡ್ಡ ಗುಣ ಅಂದ್ರೆ ಒಂದು ಒಡೆದ್ರೆ ಒಂದೇ ಬದಲಾಯಿಸ್ಬಹುದು. ಜುಲೈ ಮಧ್ಯ ಸೋರಿದ್ರೂ ಮಳೆ ಹೊಳವಾದಾಗ ಒಬ್ಬ ಏಣಿ ಹಾಕಿ ಹತ್ತಿ ಹತ್ತು ನಿಮಿಷದಲ್ಲಿ ಸರಿ ಮಾಡ್ತಾನೆ. 1865ರಲ್ಲಿ ಬಾಸೆಲ್ ಮಿಷನ್‌ನೋರು ಮಂಗಳೂರಲ್ಲಿ ಫ್ಯಾಕ್ಟರಿ ಶುರು ಮಾಡಿದಾಗಿಂದ ಈ ಹೆಂಚಿನ ರೂಪ ಹೆಚ್ಚು ಕಮ್ಮಿ ಅದೇ ಇದೆ, ಆದ್ರೂ ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಒಂದಕ್ಕೊಂದು ಕೂರೋ ಜಾಗ ಸ್ವಲ್ಪ ವ್ಯತ್ಯಾಸ ಬರತ್ತೆ, ಹಾಗಾಗಿ ಹೊಸದು ತರಕ್ಕೆ ಹೋಗೋವಾಗ ಹಳೇದೊಂದು ಹೆಂಚು ಕೈಲಿ ಹಿಡ್ಕೊಂಡೇ ಹೋಗಿ. ಮಾಡು ಬಿಚ್ಚಿದಾಗ ಹಳೇ ಹೆಂಚೆಲ್ಲಾ ಎಸಿಬೇಡಿ, ಬೆರಳ ಗೆಣ್ಣಲ್ಲಿ ಬಡಿದು ನೋಡಿ, ಠಣ್ ಅಂದ್ರೆ ಇಟ್ಕೊಳಿ, ಡಬ್ ಅಂದ್ರೆ ಒಳಗೆ ಬಿರುಕು ಬಿಟ್ಟಿದೆ ಅಂತ. ಇನ್ನು ಅಳತೆ ವಿಷ್ಯ. 30 ಡಿಗ್ರಿ ಇಳಿಜಾರಿದ್ರೆ ನೆಲದ ಅಳತೆಗಿಂತ ಮಾಡಿನ ಅಳತೆ ನೂರಕ್ಕೆ ಹದಿನೈದು ಜಾಸ್ತಿ ಆಗತ್ತೆ, ಅದ್ರ ಮೇಲೆ ಸೂರಿನದು ಬೇರೆ. ಒಬ್ಬ ನೆಲದ ಚದರಡಿಗೆ ರೇಟ್ ಹೇಳ್ತಾನೆ, ಇನ್ನೊಬ್ಬ ಮಾಡಿನ ಚದರಡಿಗೆ ಹೇಳ್ತಾನೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ಇವನು ಕಮ್ಮಿ ಅಂದ್ಕೊಂಡ್ರೆ ಅಲ್ಲೇ ಎಡವಟ್ಟು.

ಹೆಂಚಿನ ತೊಂದ್ರೆ ಏನು ಅಂದ್ರೆ ಮಂಗ. ನಗ್ಬೇಡಿ ಮಾರಾಯ್ರೆ, ಘಟ್ಟದ ಕಡೆ ಎಷ್ಟೋ ಮನೇಲಿ ಹೆಂಚು ತೆಗ್ದು ಶೀಟ್ ಹಾಕ್ಸಿದ್ದು ಮಳೆಗಲ್ಲ, ಮಂಗನ ಹಿಂಡಿಗೆ. ಹಲಸಿನ ಮರ ಮಾಡಿಗೆ ತಾಗ್ಕೊಂಡಿದ್ರೆ ಮುಗೀತು. ಇನ್ನೊಂದು ತೊಂದ್ರೆ ಒಳಗಿನ ಮರದ್ದು. ಹಿಂದೆ ಅಡುಗೆ ಒಲೆ, ಬಚ್ಚಲ ಒಲೆ ಹೊಗೆ ಮಾಡಿಗೆ ಹೋಗಿ ಹೆಂಚು ಹೊರೋ ಮರಗಳು, ಅಂದ್ರೆ ಪಕಾಸು ರೀಪೆಲ್ಲಾ ಒಣಗಿ ಕಪ್ಪಾಗಿ ಗಟ್ಟಿ ಇರ್ತಿತ್ತು, ಹುಳ ಹತ್ತಿರ ಬರ್ತಿರ್ಲಿಲ್ಲ. ಗ್ಯಾಸು, ಗೀಸರ್ ಬಂದ್ಮೇಲೆ ಹೊಗೆ ನಿಂತು ಗೆದ್ದಲು, ಕೊರೆಯೋ ಹುಳ ಎರಡೂ ಹತ್ತಕ್ಕೆ ಶುರುವಾಯ್ತು. ಮರ ಉಳ್ಸೋದಾದ್ರೆ ಹೆಂಚು ಇಳಿಸಿದಾಗಲೇ ಗೇರೆಣ್ಣೆ ಹೊಡೆಸ್ಬಿಡಿ, ಮುಖ್ಯವಾಗಿ ಗೋಡೆ ಒಳಗೆ ಹೋಗೋ ತುದಿಗಳಿಗೆ, ಮೊದ್ಲು ಲಡ್ಡಾಗೋದು ಅಲ್ಲೇ. ಅರ್ಧಕ್ಕಿಂತ ಜಾಸ್ತಿ ಪಕಾಸು ಹೋಗಿದ್ರೆ ಮಾತ್ರ ಕಬ್ಬಿಣದ ಟ್ರಸ್ (ಮಾಡಿನ ಚೌಕಟ್ಟು) ಮಾಡ್ಸಿ ಅದ್ರ ಮೇಲೆ ಅದೇ ಹೆಂಚು ಹೊದೆಸೋದು ಒಳ್ಳೇದು. ಹೊರಗಿಂದ ನೋಡಿದ್ರೆ ಹಳೇ ಮನೆನೇ, ಒಳಗೆ ಬೇಕಾದ್ರೆ ಸೀಲಿಂಗ್ ಹೆಂಚು ಕೊಟ್ರೆ ಕಬ್ಬಿಣನೂ ಕಾಣಲ್ಲ, ಧೂಳೂ ಬೀಳಲ್ಲ.

ಶೀಟು ಅಗ್ಗ, ಬೇಗ ಮುಗಿಯತ್ತೆ, ಮಂಗ ಬಂದ್ರೂ ಒಡೆಯಲ್ಲ. ಆದ್ರೆ ಜೋರು ಮಳೇಲಿ ಒಳಗೆ ಕೂತು ಮಾತಾಡಕ್ಕಾಗಲ್ಲ, ಫೋನ್ ಬಂದ್ರೆ ಬಚ್ಚಲಿಗೆ ಹೋಗ್ಬೇಕು, ಮಾರ್ಚ್ ಏಪ್ರಿಲಲ್ಲಿ ಒಳಗೆ ಕಾವು, ಚಳಿಗಾಲದ ಬೆಳಗ್ಗೆ ಶೀಟಿನ ಒಳಮೈ ಬೆವರಿ ಹನಿ ಬೀಳತ್ತೆ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಕೆಲವು ವರ್ಷಕ್ಕೆ ಒಡೆದು ಅಲ್ಲಿಂದ್ಲೇ ಸೋರಕ್ಕೆ ಶುರು. ಕೊಟ್ಟಿಗೆ, ಅಡಿಕೆ ಸುಲಿಯೋ ಜಾಗ, ಕಾರ್ ನಿಲ್ಸೋ ಕಡೆ, ಸೌದೆ ಕೊಟ್ಟಿಗೆ ಇದಕ್ಕೆಲ್ಲಾ ಶೀಟೇ ಸರಿ, ಯೋಚ್ನೆನೇ ಬೇಡ. ಮಲಗೋ ಕೋಣೆ ಮೇಲೆ ಹಾಕ್ಸೋದಾದ್ರೆ ಕೆಳಗೆ ಮರದ ಮುಚ್ಚಿಗೆನೋ ಸೀಲಿಂಗೋ ಕೊಡ್ಲೇಬೇಕು, ಆ ಖರ್ಚು ಸೇರ್ಸಿದ್ರೆ ಅದು ಅಷ್ಟೇನೂ ಅಗ್ಗ ಉಳಿಯಲ್ಲ.

ಆರ್‌ಸಿಸಿಗೆ ಅದರದ್ದೇ ಅನುಕೂಲ ಇದೆ, ಇಲಿ ಹಾವು ಬರಲ್ಲ, ಮೇಲೆ ಇನ್ನೊಂದು ಮಹಡಿ ಎತ್ಬಹುದು, ನೀರಿನ ಟ್ಯಾಂಕು, ಸೋಲಾರ್ ಇಡ್ಬಹುದು, ಕಳ್ಳರ ಭಯ ಕಮ್ಮಿ. ಆದ್ರೆ ತೀರ್ಥಹಳ್ಳಿಯಿಂದ ಸಾಗರದ ತನಕ ರಸ್ತೆ ಪಕ್ಕದ ತಾರಸಿ ಮನೆಗಳನ್ನ ನೋಡ್ಕೊಂಡು ಹೋಗಿ, ಎಷ್ಟರ ಮೇಲೆ ಶೀಟ್ ಇದೆ ಅಂತ. ತಾರಸಿ ಮೇಲೆ ನಾಲ್ಕು ತಿಂಗಳು ನೀರು ನಿಂತು ಹಾವಸೆ ಕಟ್ಟಿ ಸಣ್ಣ ಬಿರುಕಲ್ಲೂ ಇಳಿಯತ್ತೆ, ವಾಟರ್‌ಪ್ರೂಫಿಂಗ್ ಒಂದು ಸಲ ಮಾಡ್ಸಿ ಎರಡು ಸಲ ಮಾಡ್ಸಿ ಕೊನೆಗೆ ಶೀಟ್ ಹಾಕ್ಸಿ ನಿಟ್ಟುಸಿರು ಬಿಡ್ತಾರೆ. ಹಾಗಾಗಿ ಘಟ್ಟದ ಕಡೆ ಆರ್‌ಸಿಸಿ ರೇಟ್ ಹೋಲಿಸೋವಾಗ ಮೇಲಿನ ಶೀಟ್ ಖರ್ಚೂ ಸೇರ್ಸಿನೇ ಹೋಲ್ಸಿ. ಹಂಗೆ ಮಾಡಿದ್ರೆ ಅಡಿಕೆ ಹರವಕ್ಕೆ ಬಟ್ಟೆ ಒಣಗ್ಸಕ್ಕೆ ಒಳ್ಳೇ ಜಾಗ ಸಿಗತ್ತೆ ಅನ್ನೋದೂ ನಿಜ, ಅದನ್ನ ಲಾಭದ ಕಡೆ ಬರ್ಕೊಳಿ.

ಒಂದನ್ನ ಮಾತ್ರ ನಾನು ಯಾರಿಗೂ ಹೇಳಲ್ಲ, ಅದು ಇಳಿಜಾರು ಸ್ಲ್ಯಾಬ್ ಹಾಕಿ ಅದ್ರ ಮೇಲೆ ಸಿಮೆಂಟಲ್ಲಿ ಹೆಂಚು ಅಂಟಿಸೋದು. ಚಿತ್ರದಲ್ಲಿ ಚೆಂದ. ಹೆಂಚು ಒಡೆದ್ರೆ ಕಿತ್ತು ಹಾಕಕ್ಕಾಗಲ್ಲ, ಹೆಂಚಿಗೂ ಸ್ಲ್ಯಾಬಿಗೂ ಮಧ್ಯ ನೀರು ಸೇರಿದ್ರೆ ಒಣಗಲ್ಲ, ದುಡ್ಡು ಎರಡೂ ಮಾಡಿಂದು.

ಹೆಚ್ಚಿನ ಮನೆಗಳಿಗೆ ಹೊಂದೋದು ಮಿಶ್ರ ದಾರಿ. ಜಗಲಿ, ನಡುಮನೆ, ಕೋಣೆಗಳು ಹೆಂಚಲ್ಲೇ ಇರ್ಲಿ, ಹಿಂದ್ಗಡೆ ಅಡುಗೆಮನೆ ಬಚ್ಚಲು ಟಾಯ್ಲೆಟ್ ಅಷ್ಟನ್ನ ಹೊಸ ಅಡಿಪಾಯ ಹಾಕಿ ಆರ್‌ಸಿಸಿ ಮಾಡ್ಸಿ, ಟ್ಯಾಂಕೂ ಅಲ್ಲೇ ಹತ್ತಲಿ. ಇದ್ರಲ್ಲಿ ಎಲ್ಲರೂ ಸೋಲೋದು ಹಳೇದು ಹೊಸದು ಸೇರೋ ಜಾಗದಲ್ಲಿ. ಹೆಂಚಿನ ನೀರು ಸ್ಲ್ಯಾಬಿನ ಗೋಡೆಗೆ ಬಡಿಯೋ ಹಾಗೆ ಇಟ್ರೆ ಆ ಗೋಡೆ ಜನ್ಮದಲ್ಲಿ ಒಣಗಲ್ಲ, ಅಲ್ಲಿ ಅಗಲದ ದೋಣಿ (ಮಾಡಿನ ನೀರು ಹಿಡಿಯೋ ಕಾಲುವೆ) ಕೊಟ್ಟು ನೀರನ್ನ ಮನೆ ಹೊರಗೆ ತಗೊಂಡ್ ಹೋಗ್ಬೇಕು. ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆ ಬಂದ್ರೆ ಸಾವಿರ ಚದರಡಿಯಿಂದ ಇಳಿಯೋದು ಸುಮಾರು 9,300 ಲೀಟರ್ ನೀರು, ಆಷಾಢದಲ್ಲಿ ಇದೇನು ಅಪರೂಪ ಅಲ್ಲ. ಪೇಟೆ ಮನೆಗೆ ಹಾಕೋ ಸಣ್ಣ ಪೈಪ್ ಇಲ್ಲಿ ಸಾಕಾಗಲ್ಲ, ಅದೂ ಎಲೆ ಕಸ ತುಂಬ್ಕೊಂಡಿದ್ರೆ ಕೇಳೋದೇ ಬೇಡ.

ಗೋಡೆ

ಮಣ್ಣಿನ ಗೋಡೆ ಅಥವಾ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ ಇದ್ರೆ ಸಿಮೆಂಟ್ ಪ್ಲಾಸ್ಟರ್ ಬೇಕಾ ಸುಣ್ಣದ ಗಾರೆ ಸಾಕಾ ಅನ್ನೋ ಪ್ರಶ್ನೆ ಬರತ್ತೆ. ಮಣ್ಣಿನ ಗೋಡೆ ಕೆಳಗಿಂದ ತೇವ ಎಳ್ಕೊಂಡು ಮೈಯಿಂದ ಹೊರಗೆ ಬಿಡತ್ತೆ, ಸುಣ್ಣ ಅದಕ್ಕೆ ಅಡ್ಡ ಬರಲ್ಲ. ಸಿಮೆಂಟ್ ಮೆತ್ತಿ ಮೇಲೆ ಪುಟ್ಟಿ ಹಾಕಿ ಪ್ಲಾಸ್ಟಿಕ್ ಪೇಂಟ್ ಹೊಡೆದ್ರೆ ಒಳಗಿನ ತೇವ ರೈನ್‌ಕೋಟ್ ಒಳಗೆ ಬೆವರಿದ ಹಂಗೆ ಅಲ್ಲೇ ಉಳಿದು, ಎರಡನೇ ಮಳೆಗಾಲಕ್ಕೆ ಪೇಂಟ್ ಗುಳ್ಳೆ ಎದ್ದು ಪ್ಲಾಸ್ಟರ್ ಹಾಳೆ ಹಾಳೆಯಾಗಿ ಕಳಚತ್ತೆ. ಮಣ್ಣಿಗೆ ಸುಣ್ಣ ಅಥವಾ ಮಣ್ಣಿನದ್ದೇ ಗಿಲಾವು, ಜಂಬಿಟ್ಟಿಗೆ ಆದ್ರೆ ಹೊರಗೆ ಕಲ್ಲು ಕಾಣೋ ಹಂಗೆ ಬಿಟ್ಟು ಒಳಗೆ ಮಾತ್ರ ಗಾರೆ. ಸುಣ್ಣ ವರ್ಷಕ್ಕೊಮ್ಮೆ ಹೊಡಿಬೇಕು, ಬೆನ್ನು ಕೊಟ್ಟು ಕೂತ್ರೆ ಅಂಗಿಗೆ ಹತ್ತತ್ತೆ, ಅದು ಇರೋದೇ ಹಂಗೆ. ಹೊಸ ಸಿಮೆಂಟ್ ಗೋಡೆಗೆ ಎಮಲ್ಷನ್ ಹೊಡೆಸೋದಾದ್ರೆ ಪ್ಲಾಸ್ಟರ್ ಆಗಿ ಒಂದು ತಿಂಗಳಾದ್ರೂ ಬಿಡಿ, ಗೃಹಪ್ರವೇಶದ ಮುಹೂರ್ತಕ್ಕೆ ಅಂತ ಹಸಿ ಗೋಡೆ ಮೇಲೆ ಬಳಿಸ್ಬೇಡಿ. ಗೋಡೆ ಉಳಿಯೋದು ಪೇಂಟಿಂದ ಅಲ್ಲ, ಮೂರಡಿ ಸೂರಿಂದ. ಪಡುವಣ ಗಾಳಿ ಮಳೆ ಬಡಿಯೋ ಕಡೆ ಸೂರು ಇನ್ನೂ ಉದ್ದ ಬಿಟ್ರೂ ಮೋಸ ಇಲ್ಲ.

ನೆಲ

ಕಾವಿ ನೆಲ ಕಾಲಿಗೆ ಹಿತ, ವರ್ಷ ಹೋದ ಹಾಗೆ ಹೊಳಪು ಜಾಸ್ತಿ, ಸಾಮಾನಿನ ಖರ್ಚೂ ಕಮ್ಮಿ, ಸಿಮೆಂಟು ಮತ್ತೆ ರೆಡ್ ಆಕ್ಸೈಡ್ ಪುಡಿ ಅಷ್ಟೇ. ಆದ್ರೆ ಅದನ್ನ ಕರಣೆಲಿ ತಿಕ್ಕಿ ತಿಕ್ಕಿ ಹೊಳಪು ತರೋ ಕೈಗಳು ಈಗ ಬಹಳ ಕಮ್ಮಿ. ಒಂದು ಕೋಣೆ ಶುರು ಮಾಡಿದ್ರೆ ಅದೇ ದಿನ ಮುಗಿಸ್ಬೇಕು, ಆಮೇಲೆ ನೀರು ಕಟ್ಟಿ ಕಾಯ್ಬೇಕು, ಬುಡದ ಕಾಂಕ್ರೀಟ್ ಸರಿ ಇಲ್ದಿದ್ರೆ ಬಿರುಕು ಬರತ್ತೆ, ಬಿರುಕಿಗೆ ತೇಪೆ ಹಾಕಿದ್ರೆ ಬಣ್ಣ ಯಾವತ್ತೂ ಹೊಂದಲ್ಲ. ನನ್ನ ಎರಡನೇ ಅಳತೆಗೋಲಲ್ಲಿ ಕಾವಿ ಸೋಲತ್ತೆ, ಒಪ್ಕೋತೀನಿ. ಅದಕ್ಕೆ ಹಳೇ ಕಾವಿ ನೆಲ ಗಟ್ಟಿ ಇದ್ರೆ ಅದನ್ನ ಕೀಳ್ಬೇಡಿ, ಆದ್ರೆ ಹೊಸದಾಗಿ ಹಾಕ್ಸೋದು ಒಳ್ಳೇ ಕೆಲಸಗಾರ ಸಿಕ್ಕಿ, ಅವನು ಹಾಕಿದ ನೆಲ ಒಂದೆರಡು ಮನೇಲಿ ನಿಮ್ಮ ಕಣ್ಣಾರೆ ನೋಡಿದ್ಮೇಲೆ ಮಾತ್ರ.

ವಿಟ್ರಿಫೈಡ್ ಟೈಲ್ಸು ನೀರು ಹೀರೋದು ಶೇಕಡಾ 0.5ಕ್ಕಿಂತ ಕಮ್ಮಿ, ಕಲೆ ಹಿಡಿಯಲ್ಲ, ಊರಲ್ಲಿ ಹಾಕೋರೂ ಸಿಗ್ತಾರೆ. ಆದ್ರೆ ಮುಂಗಾರಿನ ಶುರುವಿಗೆ ಹೊರಗಿನ ಬಿಸಿ ತೇವದ ಗಾಳಿ ತಣ್ಣಗಿರೋ ನೆಲಕ್ಕೆ ತಾಗಿ ನೆಲ ಬೆವರತ್ತೆ ನೋಡಿ, ಆಗ ಕನ್ನಡಿಯಂಥ ಟೈಲ್ ಮೇಲೆ ಅಜ್ಜ ಅಜ್ಜಿ ನಡೆಯೋದು ನೋಡಿದ್ರೆ ಎದೆ ಝಲ್ ಅನ್ನತ್ತೆ. ಮ್ಯಾಟ್ ಫಿನಿಶ್ ತಗೊಳಿ, ಜಗಲಿ ಬಚ್ಚಲಿಗೆ ಇನ್ನೂ ಒರಟು ಇರ್ಲಿ. ಅಂಗಡಿಲಿ ಒಣ ಟೈಲ್ ಮೇಲೆ ಕೈಯಾಡ್ಸಿ ಒಪ್ಪಬೇಡಿ, ಒಂದು ಲೋಟ ನೀರು ಹಾಕ್ಸಿ ಬರಿಗಾಲಲ್ಲಿ ನಿಂತು ನೋಡಿ, ಅಂಗಡಿಯೋರು ನಕ್ರೆ ನಗ್ಲಿ. ಲೆಕ್ಕಕ್ಕಿಂತ ಎರಡು ಬಾಕ್ಸ್ ಜಾಸ್ತಿ ತಂದು ಅಟ್ಟದ ಮೇಲಿಡಿ, ಮುಂದೆ ಅದೇ ಬಣ್ಣ ಸಿಗಲ್ಲ. ಹಳೇ ನೆಲದ ಮೇಲೇ ಗಮ್ ಹಾಕಿ ಟೈಲ್ ಕೂರಿಸ್ತೀವಿ ಅಂದ್ರೆ ನೆಲ ಮುಕ್ಕಾಲು ಇಂಚು ಏರತ್ತೆ, ಬಾಗಿಲು ಕೆಳಗೆ ಕೊಯ್ಸಬೇಕಾಗತ್ತೆ, ಹೊಸ್ತಿಲು ತಗ್ಗಾಗತ್ತೆ, ಇದನ್ನ ಮೊದ್ಲೇ ಅಳೆದು ನೋಡ್ಕೊಳಿ. ಗ್ರಾನೈಟು ಅಡುಗೆ ಕಟ್ಟೆಗೆ, ಮೆಟ್ಲಿಗೆ ಒಳ್ಳೇದು, ಮೆಟ್ಲಿಗೆ ಮಾತ್ರ ಪಾಲಿಶ್ ಇರೋದು ಬೇಡ.

ಬಾಗಿಲು ಕಿಟಕಿ

ಮರದ ಕಿಟಕಿ ಮಳೆಗಾಲಕ್ಕೆ ಉಬ್ಬಿ ಹಿಡ್ಕೊಳತ್ತೆ, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಉಬ್ಬಲ್ಲ, ಗೆದ್ದಲೂ ತಿನ್ನಲ್ಲ. ಇಷ್ಟಕ್ಕೇ ಯುಪಿವಿಸಿ ಗೆದ್ದ ಹಾಗೆ ಅನ್ಸತ್ತೆ. ಆದ್ರೆ ಅದರ ಹ್ಯಾಂಡಲ್ಲೋ ರೋಲರ್ರೋ ಮುರಿದ್ರೆ ಕಂಪನಿ ಹುಡುಗ ಶಿವಮೊಗ್ಗದಿಂದ ಬರೋ ತನಕ ಕಿಟಕಿಗೆ ಹಗ್ಗ ಕಟ್ಕೊಂಡು ಇರ್ಬೇಕು, ಮರದ್ದಾದ್ರೆ ಊರಿನ ಆಚಾರ್ರು ಒಂದು ಸಲ ಕೀಸುಳಿ ಆಡಿಸಿ ಹೋಗ್ತಾರೆ. ಅಡುಗೆಮನೆ, ಬಚ್ಚಲು, ಪಡುವಣ ದಿಕ್ಕಿನ ಕೋಣೆಗೆ ಯುಪಿವಿಸಿ, ಮುಂದಿನ ಜಗಲಿ ನಡುಮನೆಗೆ ಮರ, ಇದು ನಾನು ಹೇಳೋದು. ಸ್ಲೈಡಿಂಗ್ ತಗೊಂಡ್ರೆ ಕೆಳಗಿನ ಪಟ್ಟಿಲಿ ನೀರು ಹೋಗೋ ತೂತು ಇದೆಯಾ ನೋಡಿ.

ಮರದಲ್ಲಿ ಹಲಸು ನಮ್ಮ ಕಡೆ ಬಾಗಿಲಿಗೆ ಒಳ್ಳೇದು, ತೊಲೆಗೆ ಮತ್ತಿ, ನಂದಿ. ಅಕೇಶಿಯಾ ಅಗ್ಗ ಸಿಗತ್ತೆ ಅಂತ ಹಸಿದೇ ಕೊಯ್ಸಿ ಬಾಗಿಲು ಮಾಡ್ಸಿದ್ರೆ ಬೇಸಿಗೇಲಿ ಸೊಟ್ಟ ಆಗತ್ತೆ. ಬೆಲೆಗೂ ಗುಣಕ್ಕೂ ಲಾಭ ಇರೋದು ಕಿತ್ತ ಹಳೇ ಮನೆಗಳ ಮರದಲ್ಲಿ, ಅರವತ್ತು ಎಪ್ಪತ್ತು ವರ್ಷ ಒಣಗಿರೋ ಮರ ಇನ್ನು ಎಲ್ಲಿ ಸೊಟ್ಟ ಆಗತ್ತೆ ಹೇಳಿ. ನಮ್ಮ ತೋಟದ ಮರನೇ ಕಡಿಸ್ತೀವಿ ಅನ್ನೋರು ಮೊದ್ಲು ಅರಣ್ಯ ಇಲಾಖೆ ಆಫೀಸಿಗೆ ಹೋಗಿ ಕೇಳ್ಕೊಂಡು ಬನ್ನಿ. 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ನಿಮ್ಮ ಜಾಗದಲ್ಲಿದ್ರೂ ಬೀಟೆ, ತೇಗದಂಥ ಮರ ಸುಮ್ನೆ ಕಡಿಯಂಗಿಲ್ಲ, ಸಾಗಿಸಕ್ಕೂ ಪಾಸ್ ಬೇಕು.

ಅಡುಗೆಮನೆ

ಇಲ್ಲೇ ಎಲ್ಲರ ದುಡ್ಡು ಕರಗೋದು. ಮಾಡ್ಯುಲರ್ ಕಿಚನ್ ಅಂತ ಹೇಳಿ ಒಳಗಿನ ಡಬ್ಬ ಎಂಡಿಎಫಲ್ಲೋ ಪಾರ್ಟಿಕಲ್ ಬೋರ್ಡಲ್ಲೋ (ಮರದ ಪುಡಿ ಅಂಟಿಸಿ ಒತ್ತಿದ ಹಲಗೆ) ಮಾಡಿ ಕೊಡ್ತಾರೆ, ಬೆಂಗ್ಳೂರಿಗೆ ಅದು ನಡೆಯತ್ತೆ, ಇಲ್ಲಿ ಸಿಂಕ್ ಕೆಳಗಿನದು ಮೊದಲ ಮಳೆಗಾಲಕ್ಕೇ ಊದ್ಕೊಳತ್ತೆ. ಪ್ಲೈವುಡ್ಡೇ ಬೇಕು ಅಂದ್ರೆ ಐಎಸ್ 710 ಅಂತ ಮುದ್ರೆ ಇರೋ ಮರೀನ್ ಪ್ಲೈ ಕೇಳಿ, ಬಿಲ್ಲಲ್ಲೂ ಅದೇ ನಂಬರ್ ಬರೆಸ್ಕೊಳಿ, ಬಾಯಲ್ಲಿ ವಾಟರ್‌ಪ್ರೂಫ್ ಅಂದ್ರೆ ಸಾಲದು. ನನಗೆ ಮನಸ್ಸಿಗೆ ಹಿಡಿದಿದ್ದು ಇದ್ಯಾವ್ದೂ ಅಲ್ಲ. ಕಡಪ ಅಥವಾ ಗ್ರಾನೈಟ್ ಕಲ್ಲಿನ ರ‍್ಯಾಕ್ ಕಟ್ಟಿಸಿ ಮುಂದೆ ಅಲ್ಯೂಮಿನಿಯಂ ಫ್ರೇಮಿನ ಬಾಗಿಲು ಹಾಕ್ಸೋದು. ಗೆದ್ದಲಿಗೂ ಜಿರಳೆಗೂ ತಿನ್ನಕ್ಕೆ ಏನೂ ಇಲ್ಲ, ನೀರು ಚೆಲ್ಲಿದ್ರೆ ಒರೆಸಿದ್ರೆ ಆಯ್ತು, ಒಂದು ಬಾಗಿಲು ಹೋದ್ರೆ ಒಂದೇ ಬದಲಾಯಿಸ್ಬಹುದು. ಸರಾಗವಾಗಿ ಎಳೆಯೋ ಡ್ರಾಯರ್ ಮಾತ್ರ ಇದ್ರಲ್ಲಿ ಸರಿ ಬರಲ್ಲ, ಅದಕ್ಕೆ ಒಂದೆರಡು ಸ್ಟೀಲ್ ಬುಟ್ಟಿ ಇಟ್ಕೊಳಿ. ಚಿಮಣಿ ಹಾಕ್ಸಿದ್ರೆ ಪೈಪನ್ನ ಗೋಡೆ ಕೊರೆದು ಹೊರಗೆ ಬಿಡಿ, ಹೆಂಚು ಒಡೆದು ಮೇಲಕ್ಕೆ ಬಿಟ್ರೆ ಆ ತೂತು ಪ್ರತಿ ವರ್ಷ ಸೋರತ್ತೆ. ಸೌದೆ ಒಲೆ ಇನ್ನೂ ಉರಿಯೋ ಮನೆ ಆದ್ರೆ ಅದನ್ನ ಹಿಂದೆ ಬಚ್ಚಲ ಹತ್ರ ಬೇರೆ ಮಾಡಿ, ಹೊಸ ಅಡುಗೆಮನೇಲಿ ಎರಡನ್ನೂ ಒಟ್ಟಿಗೆ ಇಟ್ರೆ ಆರು ತಿಂಗಳಲ್ಲಿ ಬಿಳಿ ಬಾಗಿಲು ಹಳದಿ.

ವೈರಿಂಗ್ ಬಗ್ಗೆ ಹೋಲಿಕೆ ಏನಿಲ್ಲ, ಹಳೇ ಮರದ ಪಟ್ಟಿ ವೈರಿಂಗ್ ಇದ್ರೆ ಪೂರ್ತಿ ತೆಗೆಸಿ. ಒದ್ದೆ ಗೋಡೆ ಇರೋ ಊರಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಮತ್ತೆ ಸರಿಯಾದ ಅರ್ಥಿಂಗ್ ಇಲ್ದೆ ಗೀಸರ್ ಹಾಕ್ಸಬಾರ್ದು. ಏಪ್ರಿಲ್ ಮೇ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಬೇರೆ ಕೇಳಿ.

ಯಾವಾಗ ಶುರು ಮಾಡೋದು

ದೀಪಾವಳಿ ಕಳೆದ ಕೂಡ್ಲೇ ಶುರು ಮಾಡೋಣ ಅಂತ ಎಲ್ಲರೂ ಹೇಳೋದು, ಮಳೆ ನಿಂತಿರತ್ತೆ ನಿಜ, ಆದ್ರೆ ಆಗ ಅಡಿಕೆ ಕೊನೆ (ಗೊನೆ) ಕೊಯ್ಲು, ಸುಲಿಯೋದು, ಬೇಯ್ಸೋದು ಅಂತ ಆಳೂ ಸಿಗಲ್ಲ, ಮನೆಯೋರಿಗೂ ಪುರುಸೊತ್ತಿಲ್ಲ, ಅಂಗಳ ತುಂಬಾ ಅಡಿಕೆ ಹರವಿರೋವಾಗ ಜಲ್ಲಿ ಮರಳು ಎಲ್ಲಿ ಸುರೀತೀರಿ. ಆ ತಿಂಗಳಲ್ಲಿ ಮರ ಕೊಯ್ಸಿ ನೆರಳಲ್ಲಿ ಪೇರಿಸಿ ಇಡಿ, ಕೊಟೇಶನ್ ತಗೊಳಿ. ಮಾಡು ಬಿಚ್ಚೋದು ಫೆಬ್ರವರಿಲಿ, ಹೊದೆಸಿ ಮುಗಿಸೋದು ಏಪ್ರಿಲ್ ಒಳಗೆ, ಯಾಕಂದ್ರೆ ಅಡ್ಡಮಳೆ ಹೇಳಿ ಕೇಳಿ ಬರಲ್ಲ. ದುಡ್ಡು ಸಾಲದೆ ಎರಡು ವರ್ಷಕ್ಕೆ ಹಂಚೋದಾದ್ರೆ ಮೊದಲ ವರ್ಷ ಮಾಡು, ದೋಣಿ, ಬಚ್ಚಲು. ಅಡುಗೆಮನೆ ಮತ್ತೆ ನೆಲ ಮುಂದಿನ ವರ್ಷ. ಒಂದು ಮಳೆಗಾಲ ಕಳೆದ್ರೆ ಎಲ್ಲಿ ತೇವ ಬರತ್ತೆ ಅಂತ ಗೋಡೆನೇ ತೋರಿಸತ್ತೆ, ಪೇಂಟು ಕಪಾಟು ಎಲ್ಲಾ ಅದನ್ನ ನೋಡ್ಕೊಂಡು ಮಾಡ್ಸಬಹುದು.

ಅಲಂಕಾರ

ವಾಲ್‌ಪೇಪರ್ ಬೇಡ್ವೇ ಬೇಡ, ಅದ್ರ ಹಿಂದೆ ಬೂಷ್ಟು ಬೆಳೆಯತ್ತೆ. ಟೆಕ್ಸ್ಚರ್ ಪೇಂಟ್ ಒಳಗಿನ ಒಣ ಗೋಡೆಗೆ ಪರವಾಗಿಲ್ಲ, ಆದ್ರೆ ಕೆಮ್ಮಣ್ಣು, ಸುಣ್ಣದ ಬಿಳಿ, ಹಲಸಿನ ಮರದ ಬಣ್ಣ ಇರೋ ಮನೆಗೆ ಅದು ಯಾಕೋ ಹೊಂದಲ್ಲ, ಇದು ನನ್ನ ಅಭಿಪ್ರಾಯ ಅಷ್ಟೇ. ನಮ್ಮಲ್ಲೇ ಸಾಗರ ಸೊರಬ ಕಡೆ ದೀವರ ಸಮುದಾಯದ ಹೆಣ್ಮಕ್ಕಳು ಬರೆಯೋ ಹಸೆ ಚಿತ್ತಾರ ಇದೆಯಲ್ಲ, ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಬರೆಯೋರನ್ನ ಕರೆಸಿ ಗೌರವದಿಂದ ಕೂಲಿ ಕೊಟ್ಟು ಬರೆಸಿದ್ರೆ ಆ ದುಡ್ಡಿಗೆ ಯಾವ ಇಂಟೀರಿಯರ್ ಡಿಸೈನರ್ ಹತ್ರನೂ ಇಂಥದ್ದು ಸಿಗಲ್ಲ. ಗೋಡೆ ಮೇಲೇ ಬರೆಸೋದಾ ಬೋರ್ಡ್ ಮೇಲಾ ಅಂತ ಕೇಳಿದ್ರೆ, ಗೋಡೆ ಮೇಲಿನದ್ದಕ್ಕೆ ಇರೋ ಕಳೆ ಬೋರ್ಡಿಗೆ ಬರಲ್ಲ, ಆದ್ರೆ ನೈಜ ಬಣ್ಣ ತೇವಕ್ಕೆ ನಿಲ್ಲಲ್ಲ. ಮನೆ ಮಧ್ಯದ ಗೋಡೆ, ಅಂದ್ರೆ ಎರಡೂ ಕಡೆ ಕೋಣೆ ಇರೋ ಗೋಡೆ ಆದ್ರೆ ಅಲ್ಲೇ ಬರೆಸಿ. ಹೊರಗೋಡೆ ಆದ್ರೆ ಮರದ ಹಲಗೆ ಮೇಲೆ ಬರೆಸಿ, ಹಲಗೆ ಹಿಂದೆ ಅರ್ಧ ಇಂಚಿನ ರೀಪು ಹೊಡೆದು ಗೋಡೆಗೆ ತಾಗದ ಹಾಗೆ ನೇತು ಹಾಕಿ, ಗಾಳಿ ಆಡತ್ತೆ, ಜೂನಲ್ಲಿ ಬೇಕಾದ್ರೆ ಬಿಚ್ಚಿ ಅಟ್ಟಕ್ಕೂ ಹಾಕ್ಬಹುದು.